ಫೆಲ್ಟ್ ಹೊದ್ದ ಹಲಗೆ ಖೋಲಿ

ಹೋದ ವರ್ಷ ಆಷಾಢದಲ್ಲಿ ಅಳಿಯ ನಮ್ಮನ್ನೆಲ್ಲ ಜೋಯಿಡಾ ಕಡೆಯ ಒಂದು ಹೋಮ್‌ಸ್ಟೇಗೆ ಕರೆದುಕೊಂಡು ಹೋಗಿದ್ದ. ದಾಂಡೇಲಿಯಲ್ಲಿ ಮೂವತ್ತು ಮಳೆಗಾಲ ಕಂಡವಳು ನಾನು. ಮಳೆ ನೋಡಲೆಂದು ಚೀಲ ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗುವುದು ನನಗೆ ನಗು ತರಿಸಿತ್ತು. ಆದರೂ ಮೊಮ್ಮಗಳು ಕೈ ಹಿಡಿದು ಎಳೆದಳು, ಹೋದೆ. ಅಲ್ಲಿ ತೋಟದ ನಡುವೆ ಸಾಲಾಗಿ ಮರದ ಖೋಲಿಗಳು. ಒಂದೊಂದಕ್ಕೂ ನೀಲಿ ಪ್ಲಾಸ್ಟಿಕ್ ತಾಡಪತ್ರಿಯನ್ನು ಮಾಡಿನಿಂದ ನೆಲದವರೆಗೆ ಬಿಗಿಯಾಗಿ ಸುತ್ತಿದ್ದರು. ನಮಗೆ ಕೊಟ್ಟ ಖೋಲಿಯ ಬಾಗಿಲು ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ನೆಂದ ಮರ, ಬೂಷ್ಟು ಹಿಡಿದ ಬಟ್ಟೆ, ಹೊರಗೆ ಹೋಗಲು ದಾರಿಯಿಲ್ಲದೆ ಕುಳಿತ ತಣ್ಣನೆಯ ಗಾಳಿ.

ಮೊಮ್ಮಗಳು ಅನನ್ಯಾ ಮೂಗು ಹಿಡಿದುಕೊಂಡು, "ಅಜ್ಜಿ, ಇಲ್ಲಿ ಯಾರ ಇರತಾರ?" ಅಂದಳು. ನಾನು ಅಲ್ಲಿದ್ದ ಹುಡುಗನನ್ನು ಕರೆದು, "ತಮ್ಮಾ, ಮೊದಲ ಆ ತಾಡಪತ್ರಿ ಬಿಚ್ಚಪಾ. ಮಳಿ ಹೊರಗ ಇರತೈತಿ, ನೀರು ಒಳಗ ಹುಟ್ಟತೈತಿ," ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೂಂ ಅಂದು, ಏನೂ ಮಾಡದೆ ಹೋದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಮೂಗು ಹಿಡಿದುಕೊಂಡ ಹುಡುಗಿ ಹುಟ್ಟಿದ ಮಳೆಗಾಲದಲ್ಲಿ ನಾನೂ ಅದೇ ತಪ್ಪು ಮಾಡಿದ್ದೆ, ಅದೂ ಹೇಳುವವರು ಹೇಳಿದ ಮೇಲೆ.

ನಮ್ಮ ಮನೆಯವರು ಕಾಗದದ ಮಿಲ್ಲಿನಲ್ಲಿ ಫಿಟ್ಟರ್. ನಾವು ಮೂಲತಃ ನವಲಗುಂದದ ಕಡೆಯವರು. ಆ ಎರೆಮಣ್ಣಿನ ಸೀಮೆಯಲ್ಲಿ ಮಳೆಯ ದಾರಿ ಕಾಯಬೇಕು. ದಾಂಡೇಲಿಯಲ್ಲಿ ಅದು ಕರೆಯದೆ ಬಂದು, ಎದ್ದು ಹೋಗುವ ಮಾತೇ ಆಡದ ನೆಂಟರ ಹಾಗೆ ಕೂತುಬಿಡುತ್ತದೆ. ಊರ ಅಂಚಿನಲ್ಲಿ ನಾವು ಕಟ್ಟಿಕೊಂಡ ಮನೆ ಎರಡೇ ಖೋಲಿಯದು, ಮೇಲೆ ಸ್ಲ್ಯಾಬು. ಜೂನ್ ತಿಂಗಳು ಬಂತೆಂದರೆ ಹಿಂದಿನ ಗೋಡೆ ಬೆವರುತ್ತಿತ್ತು, ಗಾದಿ ತಿರುವಿ ಹಾಕಿದರೆ ಅಡಿಯಲ್ಲಿ ಬೂಷ್ಟು. ಹಿತ್ತಲಲ್ಲಿ ಮಾತ್ರ ಜಾಗ ಇತ್ತು. ಪೇರಲ, ನುಗ್ಗೆ, ಕರಿಬೇವು, ದುಂಡುಮಲ್ಲಿಗೆ ಬೆಳೆಸಿದ್ದೆ. ಆ ಗಿಡಗಳ ನಡುವೆ ಒಂದು ಹಲಗೆ ಖೋಲಿ.

ಅದನ್ನು ಕಟ್ಟಿದವರು ಹಳಿಯಾಳದ ದಸ್ತಗೀರ ಮಿಸ್ತ್ರಿ. ರಾಮನಗರದ ಹತ್ತಿರ ಯಾರೋ ಹಳೇ ಮನೆ ಕೆಡವಿದಾಗ ಬಂದ ಸಾಗವಾನಿ ಹಲಗೆಗಳು. ಒಂದು ಬೇಸಿಗೆ ಪೂರ್ತಿ ಕೂತು ಅವನ್ನು ಜೋಡಿಸಿ, ಹತ್ತು ಫೂಟು ಅಗಲ, ಹನ್ನೆರಡು ಫೂಟು ಉದ್ದದ ಖೋಲಿ ಮಾಡಿಕೊಟ್ಟಿದ್ದರು. ಒಂದು ಬಾಗಿಲು, ಒಂದು ಕಿಟಕಿ, ಮೇಲೆ ಶೀಟು. ಮಧ್ಯಾಹ್ನ ಅಲ್ಲಿ ಕೂತು ನಾನು ಕೌದಿ ಹೊಲಿಯುತ್ತಿದ್ದೆ. ಬೇಸಿಗೆಯಲ್ಲಿ ಆ ಖೋಲಿಗೆ ಒಂದು ಒಳ್ಳೆಯ ವಾಸನೆ ಇತ್ತು, ಬಿಸಿಲು ಕುಡಿದ ಮರದ್ದು.

ಮಗಳು ರೇಖಾಳನ್ನು ಮುಂಡಗೋಡ ತಾಲೂಕಿನ ಸನವಳ್ಳಿಗೆ ಕೊಟ್ಟಿದ್ದೆವು. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ಕರೆದುಕೊಂಡು ಬಂದೆವು. ಹೆರಿಗೆ ಶ್ರಾವಣದಲ್ಲಿ, ಅಂದರೆ ಮಳೆಯ ನಟ್ಟನಡುವೆ. ಬೆವರುವ ಗೋಡೆಯ ಮನೆಯಲ್ಲಿ ಹಸಿ ಬಾಣಂತಿಯನ್ನು ಮಲಗಿಸುವುದು ಹೇಗೆ? ಹಲಗೆ ಖೋಲಿಯೇ ಸರಿ ಎಂದು ನಾನು ತೀರ್ಮಾನ ಮಾಡಿದೆ.

ಇಲ್ಲಿ ಒಂದು ಮಾತು ಹೇಳಬೇಕು. ರೇಖಾ ಹುಟ್ಟುವ ಹೊತ್ತಿಗೆ ನನ್ನವ್ವ ಇರಲಿಲ್ಲ. ಆಗ ನಾವಿದ್ದ ಓಣಿಯ ಹೆಂಗಸರು, ಮಿಲ್ಲಿನ ಗಂಡಸರ ಹಾಗೆ, ಪಾಳಿ ಹಾಕಿಕೊಂಡು ನನ್ನ ಬಾಣಂತನ ಮಾಡಿದರು. ಯಾರೂ ಕಡಿಮೆ ಮಾಡಲಿಲ್ಲ, ಅವರ ಋಣ ದೊಡ್ಡದು. ಆದರೆ ದಿನಕ್ಕೊಬ್ಬರ ಕೈ. ಒಬ್ಬರು ಎಣ್ಣೆ ಹಚ್ಚಿದರೆ ಇನ್ನೊಬ್ಬರು ನೀರು ಹಾಕುತ್ತಿದ್ದರು. ಅಳು ಬಂದರೆ ಯಾರ ಮುಂದೆ ಅಳಬೇಕು ಎಂದು ತಿಳಿಯುತ್ತಿರಲಿಲ್ಲ. ಅದಕ್ಕೇ ನನ್ನ ಮಗಳ ಚೊಚ್ಚಲ ಬಾಣಂತನ ನನ್ನ ಕೈಯಿಂದಲೇ, ನನ್ನ ಅಂಗಳದಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದೆ. ಆ ಹಟ ಬಿಟ್ಟರೆ ಆ ವರ್ಷ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮೇ ಕೊನೆಗೆ ದಸ್ತಗೀರ ಮಿಸ್ತ್ರಿಯನ್ನು ಕರೆಸಿದೆ. ಸಣ್ಣ ಆಳು, ಬಿಳಿ ಗಡ್ಡ, ಕಿವಿಯ ಹಿಂದೆ ಯಾವಾಗಲೂ ಪೆನ್ಸಿಲ್ಲು. ಖೋಲಿಯ ಸುತ್ತ ಎರಡು ಸಲ ತಿರುಗಿ ಹೇಳಿದರು.

"ಅಕ್ಕಾರ, ಬುಡದ ಮಣ್ಣು ತಗದು ಅಡಿಗೆ ಕಲ್ಲು ಏರಿಸೂಣು. ಇರಚಲು ಬಡೀದಂಗ ಮ್ಯಾಲಿನ ಶೀಟು ಎರಡು ಮೊಳ ಮುಂದ ಚಾಚೂಣು. ಮತ್ತ ಮಾಡಿನ ಕೆಳಗ ಸುತ್ತಲೂ ಗೇಣು ಸಂದಿ ಬಿಡೂಣು."

"ಸಂದೀನ? ಬಾಣಂತಿ ಮಲಗೂ ಖೋಲಿಗೆ ಗೇಣು ಸಂದಿ ಬಿಡತೀರೇನ್ರಿ ಮಿಸ್ತ್ರಿ?"

"ಗಾಳಿ ಆಡಬೇಕ್ರಿ. ಹಲಗಿಗೆ ನೀರು ಬಡದ್ರ ಏನಾಗಂಗಿಲ್ಲ, ತಾನ ಒಣಗತೈತಿ. ಒಣಗಾಕ ಬಿಡಲಿಲ್ಲಂದ್ರ ಕೊಳೀತೈತಿ."

"ಕೂಸಿಗೆ ಥಂಡಿ ಆದ್ರ ನೀವು ಬಂದು ನೋಡತೀರೇನು? ಸಂದಿ ಗಿಂದಿ ಬ್ಯಾಡ. ಇದ್ದ ಸಂದೀನೂ ಮುಚ್ಚರಿ."

ಮಿಸ್ತ್ರಿ ವಾದಕ್ಕೆ ನಿಲ್ಲುವವರಲ್ಲ. "ಖೋಲಿ ನಿಮ್ಮದು, ಮರ್ಜಿ ನಿಮ್ಮದು. ಆದ್ರ ಮುಚ್ಚೂ ಕೆಲಸ ನನ್ನ ಕೈಲೆ ಆಗಂಗಿಲ್ರಿ," ಎಂದು ಚೀಲ ಎತ್ತಿಕೊಂಡರು. ಕೊಟ್ಟ ಚಹಾ ಹಾಗೇ ಇತ್ತು. ಎಂದೂ ನಮ್ಮ ಮನೆಯ ಚಹಾ ಬಿಟ್ಟು ಹೋದವರಲ್ಲ. ಹೋದರೆ ಹೋಗಲಿ, ಇವರಿಗೆ ಬಾಣಂತನ ಏನು ಗೊತ್ತು ಅಂದುಕೊಂಡೆ.

ಆಮೇಲೆ ನಾನು ಮಾಡಿದ ಕೆಲಸ ಮಿಲ್ಲಿನ ಊರಿನವರಿಗೆ ಮಾತ್ರ ಹೊಳೆಯುವಂಥದ್ದು. ಕಾಗದ ಮಾಡುವ ಮಷೀನಿನಲ್ಲಿ ಫೆಲ್ಟ್ ಎಂಬ ದಪ್ಪ ಉಣ್ಣೆಯ ಹಾಸು ಸುತ್ತುತ್ತಿರುತ್ತದೆ. ಹಸಿ ಕಾಗದದ ನೀರನ್ನು ಹೀರಿಕೊಳ್ಳುವುದೇ ಅದರ ಕೆಲಸ. ಸವೆದ ಫೆಲ್ಟು ಹೊರಗೆ ಬಂದರೆ ನಮ್ಮ ಊರಿನ ಮನೆಮನೆಯಲ್ಲೂ ಅದರ ತುಂಡು. ಬಾಗಿಲಿಗೆ ಕಾಲೊರೆಸಲು ಅದೇ, ಸ್ಕೂಟರಿಗೆ ಹೊದಿಸಲು ಅದೇ, ಮದುವೆಯಲ್ಲಿ ಪಂಕ್ತಿಗೆ ಹಾಸಲೂ ಅದೇ. ನವಲಗುಂದದಲ್ಲಿ ಕಂಬಳಿ ಇದ್ದ ಹಾಗೆ ನಮಗಿಲ್ಲಿ ಫೆಲ್ಟು. ಅಷ್ಟು ದಪ್ಪನೆಯ ಉಣ್ಣೆಯನ್ನು ಖೋಲಿಗೆ ಹೊದಿಸಿದರೆ ಥಂಡಿ ಎಲ್ಲಿಂದ ಬಂದೀತು?

ನಮ್ಮ ಮನೆಯವರಿಂದ ದೊಡ್ಡ ತುಂಡುಗಳನ್ನು ತರಿಸಿದೆ. ಅವರು ಮೊಳೆ ಹೊಡೆಯುತ್ತ ಒಂದೇ ಒಂದು ಸಲ, "ಏ ಇವಳ, ಇದು ನೀರು ಹೀರಾಕಂತನ ಮಾಡಿದ್ದೈತಿ ನೋಡ," ಅಂದರು.

"ಹೀರಲಿ ಬಿಡ್ರಿ. ಹಲಗಿಗೆ ಬರೂ ನೀರು ಅದ ಹೀರತೈತಿ," ಅಂದೆ.

ಅವರು ಇನ್ನೊಂದು ಮೊಳೆ ಎತ್ತಿಕೊಂಡರು. ನನ್ನ ಜೊತೆ ಅಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ, ಪಾಪ. ನಾಲ್ಕೂ ಗೋಡೆಗೆ ಹೊರಗಿನಿಂದ ಫೆಲ್ಟು, ಅದರ ಮೇಲೆ ನೆಲಮುಟ್ಟ ತಾಡಪತ್ರಿ, ಹಲಗೆ ಹಲಗೆಯ ನಡುವಿನ ಬಿರುಕಿಗೆ ಒಳಗಿನಿಂದ ಚಿಂದಿ. ಹೊರಸು ಹಾಕಿ, ಹೊಸ ಗಾದಿ ಹಾಸಿ, ನನ್ನ ಹಳೇ ಇಲಕಲ್ಲ ಸೀರೆಯಿಂದ ಹೊಲಿದ ಕೌದಿ ಹೊದಿಸಿ, ಬಾಗಿಲಿಗೆ ಕೀಲಿ ಹಾಕಿದೆ. ಹೆರಿಗೆ ಆದ ಮೇಲೇ ತೆಗೆಯುವುದು ಎಂದು ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡೆ. ಓಣಿಯವರು ಬಂದು ನೋಡಿ ಹೊಗಳಿದರು. ನಾನು ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಜೂನ್ ಮೊದಲಿಗೆ ಮಿರಗದ ಮಳೆ ಸಣ್ಣಗೆ ಶುರುವಾಯಿತು. ಆರಿದ್ರಾ ಹಿಡಿಯಿತು ನೋಡಿ, ಮೂರು ವಾರ ಸೂರ್ಯನ ಮುಖ ಕಾಣಲಿಲ್ಲ. ಇರಚಲು ಮಳೆ ಪಡುವಣ ಗೋಡೆಗೆ ಸೀದಾ ಬಡಿಯುತ್ತಿತ್ತು. ನಾನು ಅಡಿಗೆಮನೆಯಿಂದ ಹಿತ್ತಲಿನ ಕಡೆ ನೋಡಿ, ಬಡಿ ಎಷ್ಟು ಬಡೀತಿ ಅನ್ನುತ್ತಿದ್ದೆ. ರೇಖಾ ಮಾತ್ರ, "ಅವ್ವಾ, ಒಮ್ಮೆ ತಗದು ನೋಡಬಾರದ?" ಎಂದು ಕೇಳುತ್ತಿದ್ದಳು. ತೆಗೆದರೆ ಹಸಿಗಾಳಿ ಹೊಗುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ.

ಆಷಾಢದ ನಡುವೆ ಸನವಳ್ಳಿಯಿಂದ ಬೀಗತಿ ಬಂದರು. ಜೊತೆಗೆ ಗೋದಿ ಹುಗ್ಗಿ, ಅಂಟಿನುಂಡಿ, ಸೊಸೆಗೆ ಬೇಕಾದ ತಿನಿಸು. ಮೆತ್ತಗೆ ಮಾತಾಡುವ ಹೆಂಗಸು, ಆದರೆ ಕಣ್ಣು ಚುರುಕು. ಚಹಾ ಕುಡಿದು, "ಎಲ್ಲಿ, ನಮ್ಮ ಕೂಸು ಮಲಗೂ ಜಾಗಾ ತೋರಸ್ರಿ ಬೀಗತ್ಯಾರ," ಅಂದರು. ನಾನು ಹೆಮ್ಮೆಯಿಂದ ಕೀಲಿ ತೆಗೆದೆ.

ಬಾಗಿಲು ಉಬ್ಬಿ ಕೂತಿತ್ತು, ಹೆಗಲು ಕೊಟ್ಟು ನೂಕಬೇಕಾಯಿತು. ಒಳಗಿನಿಂದ ಬಂದ ವಾಸನೆಗೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಗಾದಿಯ ಮೇಲೆ ಹಸಿರು ಚುಕ್ಕೆ. ಕೌದಿಯ ಮೇಲೆ ಬಿಳಿ ಬೂಷ್ಟು, ಹತ್ತಿ ಒಡೆದ ಹಾಗೆ. ಪಡುವಣ ಗೋಡೆಯ ಕೆಳಗಿನ ಹಲಗೆಗೆ ಬೀಗತಿ ಬೆರಳು ಒತ್ತಿದರು, ಉಗುರು ಒಳಗೆ ಇಳಿಯಿತು. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

"ಈ ಖೋಲ್ಯಾಗ ಬ್ಯಾಡ್ರಿ," ಅಂದರು. "ಬಾಣಂತನ ನಮ್ಮಲ್ಲೇ ಮಾಡತೇನಿ. ನಮ್ಮ ಮನಿ ಬೆಚ್ಚಗೈತಿ. ಹದಿನೈದು ದಿನಾ ಬಿಟ್ಟು ಮಗನ್ನ ಗಾಡಿ ಕೊಟ್ಟು ಕಳಸತೇನಿ. ನೀವು ಬಂದು ಹೋಗಿ ಮಾಡ್ರಿ."

ನನ್ನ ಮಗಳ ಬಾಣಂತನಕ್ಕೆ ನಾನು ಬಂದು ಹೋಗಿ ಮಾಡಬೇಕು! ಆ ಮಾತು ಎದೆಗೆ ನಾಟಿತು. ಅದರಲ್ಲಿ ತಪ್ಪು ಹುಡುಕಲು ಹೋದರೆ ಒಂದೂ ಸಿಗಲಿಲ್ಲ. ಅವರು ಹೋದ ಮೇಲೆ ಒಲೆಯ ಮುಂದೆ ಕೂತು ಅತ್ತೆ. ರೇಖಾ ಬಂದು ಪಕ್ಕದಲ್ಲಿ ಕೂತಳು. ನಮ್ಮ ಮನೆಯವರು ಪಾಳಿ ಮುಗಿಸಿ ಬಂದು, ಎಲ್ಲ ಕೇಳಿ, ಟೋಪಿ ಗೂಟಕ್ಕೆ ಹಾಕುತ್ತ, "ಹಳಿಯಾಳಕ್ಕ ಹೋಗಿ ಬಾ. ನಾ ಹೋದ್ರ ಅವರು ಬರಂಗಿಲ್ಲ, ನೀನ ಹೋಗಬೇಕು," ಅಂದರು.

ಮರುದಿನ ಬೆಳಿಗ್ಗೆ ಹಳಿಯಾಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ಯಾರ ಹತ್ತಿರವೂ ತಪ್ಪಾಯಿತು ಅಂದ ರೂಢಿ ನನಗಿಲ್ಲ. ಮಿಸ್ತ್ರಿ ಮನೆಯ ಕಟ್ಟೆಯ ಮೇಲೆ ಕೂತು ಕುರ್ಚಿಯ ಕಾಲು ಕೆತ್ತುತ್ತಿದ್ದರು. ನನ್ನನ್ನು ನೋಡಿ ಎದ್ದು, "ಬರ್ರಿ ಅಕ್ಕಾರ, ಒಳಗ ಬರ್ರಿ," ಎಂದು ಹೆಂಡತಿಯನ್ನು ಕೂಗಿದರು. ಕಲಿತ ಪಾಠವೆಲ್ಲ ಮರೆತುಹೋಯಿತು.

"ತಪ್ಪಾತ್ರಿ ಮಿಸ್ತ್ರಿ. ಹಲಗಿ ಕೊಳತೈತಿ. ಮಗಳನ್ನ ಕರಕೊಂಡು ಹೋಗತೇವಿ ಅನ್ನಾಕತ್ಯಾರ," ಅಂದೆ.

ಅವರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು. "ಏನ್ ಹೊಚ್ಚೀರಿ ಅದಕ್ಕ?"

"ಫೆಲ್ಟು."

"ಮಿಲ್ಲಿನ ಫೆಲ್ಟು?"

"ಹೂಂ. ಮ್ಯಾಲ ತಾಡಪತ್ರಿ."

ಮಿಸ್ತ್ರಿ ಹಣೆ ಹಣೆ ಬಡಿದುಕೊಂಡು ನಕ್ಕರು. "ಅರೆ ಅಕ್ಕಾರ! ನೀರು ಕುಡಿಯೂದನ್ನ ತಂದು ಹೊಚ್ಚಿ, ಅದು ಒಣಗಬಾರದಂತ ಮ್ಯಾಲ ಪ್ಲಾಸ್ಟಿಕ್ ಕಟ್ಟೀರಿ! ಪಾಪ, ಆ ಖೋಲಿ ಏನ್ ತಪ್ಪು ಮಾಡಿತ್ತರಿ?" ಅವರ ಹೆಂಡತಿಯೂ ಬಾಯಿಗೆ ಸೆರಗು ಹಿಡಿದರು. ನನಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಅವರು ನಗು ನಿಲ್ಲಿಸಿದರು. "ಚಹಾ ಕುಡೀರಿ. ಕುಡದು ಹೋಗೂಣು," ಎಂದು ಚೀಲ ತರಲು ಒಳಗೆ ಹೋದರು.

ಅವತ್ತೇ ಫೆಲ್ಟು ಬಿಚ್ಚಿದೆವು. ಒಂದೊಂದು ತುಂಡೂ ನೀರು ಕುಡಿದು ಎಮ್ಮೆಕರುವಿನಷ್ಟು ಭಾರ. ಎಳೆದು ಬೇಲಿಯ ಮೇಲೆ ಹಾಕಿದರೆ ಸಂಜೆಯವರೆಗೂ ನೀರು ಬಸಿಯಿತು. ಕೊಳೆತ ನಾಲ್ಕು ಹಲಗೆಗಳನ್ನು ಮಿಸ್ತ್ರಿ ಕೊಯ್ದು ತೆಗೆದು, ಒಣಗಿದ ಮತ್ತಿ ಮರದ ಹಲಗೆ ಕೂಡಿಸಿದರು. ಖೋಲಿಯ ಮೂಲೆಗಳನ್ನು ಜ್ಯಾಕು ಕೊಟ್ಟು ಎತ್ತಿದವರು ನಮ್ಮ ಫಿಟ್ಟರ್ ಸಾಹೇಬರು. ಬುಡಕ್ಕೆ ಕಲ್ಲು ಇಟ್ಟಾಗ ಖೋಲಿ ನೆಲದಿಂದ ಒಂದು ಮೊಳ ಮೇಲೆ ನಿಂತಿತು, ಅಡಿಯಲ್ಲಿ ಬೆಕ್ಕು ಓಡಾಡುವಷ್ಟು ಜಾಗ. ಮಾಡಿನ ಶೀಟು ಮುಂದೆ ಚಾಚಿತು. ಅದರಿಂದ ಬಿದ್ದ ನೀರು ಗೋಡೆಗೆ ಸಿಡಿಯದಂತೆ ಸುತ್ತ ಕಾಲುವೆ ತೋಡಿ ಜಲ್ಲಿಕಡಿ ತುಂಬಿದರು. ಮಾಡಿನ ಕೆಳಗೆ ಸುತ್ತಲೂ ಗೇಣು ಸಂದಿ, ಅದಕ್ಕೆ ಸೊಳ್ಳೆ ಜಾಳಿಗೆ. ಈ ಸಲ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಒಣಗಿಸುವುದೇ ದೊಡ್ಡ ಕೆಲಸವಾಯಿತು. ಖೋಲಿಯ ನಡುವೆ ಇದ್ದಿಲಿನ ಶೆಗಡಿ ಇಟ್ಟು, ಬಾಗಿಲು ಕಿಟಕಿ ಎರಡೂ ತೆರೆದಿಡಬೇಕು ಅಂದರು ಮಿಸ್ತ್ರಿ. ಹೊರಗೆ ಧೋ ಎಂದು ಮಳೆ, ಒಳಗೆ ಬೆಂಕಿ, ನಡುವೆ ಬಾಗಿಲು ತೆರೆದು ನಾನು ಕಾವಲು. ಯಾರಾದರೂ ನೋಡಿದರೆ ಹುಚ್ಚು ಹಿಡಿದಿದೆ ಅನ್ನಬೇಕು.

"ಹಸಿಗಾಳಿ ಒಳಗ ಬಂದ್ರ ಹೆಂಗ ಒಣಗತೈತ್ರಿ?" ಎಂದು ಕೇಳಿದೆ.

"ಬರೂ ಗಾಳಿ ಹೋಗತೈತೆಲ್ರಿ ಅಕ್ಕಾರ. ಹೋಗೂ ಮುಂದ ಒಂದೀಟು ಹಸಿ ಕಟಗೊಂಡು ಹೋಗತೈತಿ. ದಿನಾ ಒಂದೀಟು," ಅಂದರು.

ಒಣಗಿದ್ದು ಗೊತ್ತಾಗುವುದು ಹೇಗೆ? ಅದಕ್ಕೆ ನಾನೇ ಉಪಾಯ ಮಾಡಿದೆ. ಬೇಸಿಗೆಯಲ್ಲಿ ಮಾಡಿದ ಉದ್ದಿನ ಹಪ್ಪಳ ಒಂದನ್ನು ದಿನವೂ ಮಧ್ಯಾಹ್ನ ಪಡುವಣ ಗೋಡೆಯ ಮೂಲೆಯಲ್ಲಿ ಇಟ್ಟು, ಮರುದಿನ ತೆಗೆದು ಮಡಚಿ ನೋಡುವುದು. ಮೊದಲ ದಿನ ಹಪ್ಪಳ ಚಪಾತಿಯ ಹಾಗೆ ಮಡಚಿಕೊಂಡಿತು. ಐದನೇ ದಿನವೂ ಅಷ್ಟೇ. ರೇಖಾ ತುಂಬಿದ ಹೊಟ್ಟೆ ಹೊತ್ತು ಬಾಗಿಲಲ್ಲಿ ನಿಂತು, "ಅವ್ವಾ, ಇವತ್ತಿನ ರಿಸಲ್ಟ್ ಏನು?" ಎಂದು ನಗುತ್ತಿದ್ದಳು. "ನಗು ನಗು, ಗಾಡಿ ಬಂದ್ರ ಗೊತ್ತಾಕ್ಕೈತಿ," ಅನ್ನುತ್ತಿದ್ದೆ. ಒಳಗೊಳಗೆ ದಿನ ಎಣಿಸುತ್ತಿದ್ದೆ. ಹನ್ನೊಂದನೇ ದಿನ ಹಪ್ಪಳಕ್ಕೆ ಬಿರುಕು ಬಿಟ್ಟಿತು. ಹದಿಮೂರನೇ ದಿನ ಬೆಳಿಗ್ಗೆ ಬೆರಳಿಟ್ಟದ್ದೇ ತಡ, ಪಟ್ಟೆಂದು ಎರಡು ತುಂಡಾಯಿತು. ಮಿಸ್ತ್ರಿಗೆ ಫೋನು ಮಾಡಿ ಹೇಳಿದೆ. "ಶಾಬಾಸ್, ಇನ್ನ ಅದನ್ನ ಕರದು ತಿನ್ರಿ," ಅಂದರು.

ಗಾಡಿ ತರಬೇಕಾಗಿದ್ದ ಅಳಿಯ ಎರಡು ದಿನ ಬಿಟ್ಟು ಬಂದದ್ದು ಆಸ್ಪತ್ರೆಗೆ. ಹೆರಿಗೆ ವಾರ ಮೊದಲೇ ಆಯಿತು, ಹೆಣ್ಣು ಕೂಸು. ಬೀಗತಿಯೂ ಬಂದರು. ಐದನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ನಡೆದು, ಹಲಗೆ ಖೋಲಿಯ ಒಳಗೆ ನಿಂತು, ಗೋಡೆ ಮುಟ್ಟಿ, ಮೂಗು ಎಳೆದು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ಬೆಚ್ಚಗೈತ್ರಿ ಬೀಗತ್ಯಾರ," ಅಂದು ಕೂಸನ್ನು ನನ್ನ ಕೈಗೆ ಕೊಟ್ಟರು. ಸದ್ಯ, ಗೆದ್ದೆ ಅಂದುಕೊಂಡೆ. ಅವರು ಎರಡು ದಿನ ಇದ್ದು ಹೋಗುವುದೆಂದಾಯಿತು.

ಮರುದಿನ ಮಧ್ಯಾಹ್ನ ಎಣ್ಣೆನೀರು ಆದ ಮೇಲೆ ರೇಖಾಳನ್ನು ಮಲಗಿಸಿದೆ. ಪದ್ಧತಿ ಪ್ರಕಾರ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಸ್ಕಾರ್ಫು, ಮೈಮೇಲೆ ಎರಡು ಕೌದಿ. ಬಾಗಿಲು ಹಾಕಿದೆ, ಕಿಟಕಿಯ ಚಿಲಕ ಹಾಕಿದೆ. ಹೊರಗೆ ಗಾಳಿಮಳೆ ಜೋರಾಗಿತ್ತು. ಮೇಲಿನ ಸಂದಿಯಿಂದ ಒಂದು ಎಳೆ ಗಾಳಿ ನನ್ನ ಕತ್ತಿಗೆ ತಾಗಿತು. ಕೂಸಿಗೆ ತಾಗಿದರೆ? ಹಳೇ ಸೀರೆ ಒಂದನ್ನು ಸುರುಳಿ ಸುತ್ತಿ, ಸ್ಟೂಲು ಹತ್ತಿ, ಸಂದಿಗೆ ತುರುಕತೊಡಗಿದೆ. ಕೆಳಗೆ ನಿಂತು ಸ್ಟೂಲು ಹಿಡಿದ ಬೀಗತಿ, "ಆ ಮೂಲೀಗೂ ಹಾಕ್ರಿ," ಅಂದರು. ನಾವಿಬ್ಬರೂ ಅಷ್ಟು ಒಮ್ಮತವಾಗಿದ್ದುದು ಅದೇ ಮೊದಲು.

ಬೆನ್ನ ಹಿಂದಿನಿಂದ ರೇಖಾ ಸಣ್ಣ ದನಿಯಲ್ಲಿ, "ಅವ್ವಾ, ನಾ ಸನವಳ್ಳಿಗೆ ಹೋಗತೇನಿ," ಅಂದಳು.

ನನ್ನ ಕೈ ಅಲ್ಲೇ ನಿಂತಿತು. "ಯಾಕವಾ? ಏನ್ ಕಡಿಮಿ ಆತು?"

"ಏನೂ ಕಡಿಮಿ ಆಗಿಲ್ಲ. ಉಸಿರು ಕಟ್ಟತೈತಿ."

ತಿರುಗಿ ನೋಡಿದೆ. ಹಣೆಯ ತುಂಬ ಬೆವರು, ಸ್ಕಾರ್ಫಿನ ಅಂಚು ತೊಯ್ದು ಕಪ್ಪಾಗಿತ್ತು. ಎರಡು ಕೌದಿಯ ಕೆಳಗೆ ಕೈಕಾಲು ಅಲ್ಲಾಡಿಸಲೂ ಜಾಗ ಇರಲಿಲ್ಲ. ಕಣ್ಣಿನಿಂದ ನೀರು ಕಿವಿಯ ಹತ್ತಿಗೆ ಇಳಿಯುತ್ತಿತ್ತು. ಎಷ್ಟು ಹೊತ್ತಿನಿಂದ ಅಳುತ್ತಿದ್ದಳೋ, ಅದೇ ಖೋಲಿಯಲ್ಲಿದ್ದ ನನಗೆ ಗೊತ್ತೇ ಆಗಿರಲಿಲ್ಲ.

ಸ್ಟೂಲಿನಿಂದ ಇಳಿದೆ. ಮೊದಲು ಸ್ಕಾರ್ಫು ಬಿಚ್ಚಿ, ಸೆರಗಿನಿಂದ ಅವಳ ಕತ್ತು ಒರೆಸಿದೆ. ಒಂದು ಕೌದಿ ತೆಗೆದು ಮಡಚಿಟ್ಟೆ. ಆಮೇಲೆ ಹೋಗಿ ಕಿಟಕಿಯ ಚಿಲಕ ತೆಗೆದು ಎರಡೂ ಕದ ಪೂರಾ ತೆರೆದೆ. ಚಾಚಿದ ಮಾಡಿನ ಆಚೆ ಮಳೆ ಬೀಳುತ್ತಿತ್ತು, ಒಂದು ಹನಿಯೂ ಒಳಗೆ ಬರಲಿಲ್ಲ, ಗಾಳಿ ಬಂತು.

"ಅಯ್ಯ, ಹಸಿ ಬಾಣಂತಿಗೆ ಗಾಳಿ ಬಡೀತೈತ್ರಿ!" ಎಂದು ಬೀಗತಿ ಗಾಬರಿಯಾದರು.

"ಬಡೀಲಿ ಬಿಡ್ರಿ," ಅಂದೆ.

ರೇಖಾ ಒಂದು ದೊಡ್ಡ ಉಸಿರು ಎಳೆದುಕೊಂಡಳು, ಇನ್ನೊಂದು ಎಳೆದುಕೊಂಡಳು. ಹೊರಸಿನ ಅಂಚಿಗೆ ಕೂತೆ. ಅವಳು ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ನನ್ನ ಕೈಯನ್ನು ತೆಗೆದು ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡಳು. ಮದುವೆಯಾಗಿ ಹೋದ ಮೇಲೆ ಹಾಗೆ ಮಾಡಿದ್ದಿಲ್ಲ.

"ಸನವಳ್ಳಿಗೆ ಯಾವಾಗ ಹೋಗತೀವಾ?" ಎಂದು ಕೇಳಿಯೇಬಿಟ್ಟೆ. ಕೇಳದೆ ಇರಲು ಆಗಲಿಲ್ಲ.

ಬಗ್ಗಿ ನೋಡಿದರೆ ಬಾಯಿ ಅರ್ಧ ತೆರೆದು, ಸಣ್ಣವಳಿದ್ದಾಗಿನ ಹಾಗೆಯೇ, ನಿದ್ದೆ ಹೋಗಿದ್ದಳು. ಬೀಗತಿ ಏನೋ ಹೇಳಲು ಹತ್ತಿರ ಬಂದರು. ನಾನು ತುಟಿಯ ಮೇಲೆ ಬೆರಳಿಟ್ಟೆ.